ಸಿಇಟಿ ಬೀಜಗಣಿತ: ದಾವಣಗೆರೆಯಲ್ಲಿ ನನಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾನಗರದ ನಮ್ಮ ಮನೆ ಮಹಡಿಯಲ್ಲಿ ಸಂಜೆ ಹೊತ್ತು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಡಿಸೆಂಬರ್ ಮುಗಿಯುತ್ತಿದ್ದಂತೆ ಸಿಇಟಿ, ಅಂದರೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ, ಅದರ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ. ಅವರ ಅಪ್ಪ ಅಮ್ಮ ಮಾರ್ಕೆಟ್ಟಲ್ಲಿ ಸಿಕ್ಕಾಗ ಕೇಳುತ್ತಾರೆ. ಜಗಳೂರಿಂದ, ಹೊನ್ನಾಳಿಯಿಂದ ಫೋನ್ ಬರುತ್ತದೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದನ್ನೇ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಓದುವ ಮೊದಲು ಒಂದು ಸಣ್ಣ ವಿಷಯ. ಸಮೀಕರಣದಲ್ಲಿ ನೀವು ಎಕ್ಸ್ ಅಂತ ಬರೆಯುವ ಕಡೆ ಇಲ್ಲಿ ‘ಕ’ ಅಂತ ಬರೆದಿದ್ದೇನೆ. ಎಷ್ಟು ಪದ ಅಂತ ಹೇಳುವ ಎನ್ ಬದಲು ‘ನ’. ನಗಬೇಡಿ, ಇದು ಹಳೇ ಪದ್ಧತಿಯೇ. ಭಾಸ್ಕರಾಚಾರ್ಯರ ಕಾಲದ ಲೆಕ್ಕದವರು ಗೊತ್ತಿಲ್ಲದ ಸಂಖ್ಯೆಗಳಿಗೆ ಯಾವತ್ತಾವತ್, ಕಾಲಕ, ನೀಲಕ ಅಂತ ಹೆಸರಿಟ್ಟು ಯಾ, ಕಾ, ನೀ ಅಂತ ಮೊದಲ ಅಕ್ಷರ ಬರೆಯುತ್ತಿದ್ದರು. ಕಾಲಕ ಅಂದರೆ ಕಪ್ಪು, ನೀಲಕ ಅಂದರೆ ನೀಲಿ.

ಸಿಇಟಿ ಗಣಿತ ಪತ್ರಿಕೆ ಹೇಗಿರುತ್ತೆ? ಅದರಲ್ಲಿ ಬೀಜಗಣಿತ ಎಷ್ಟು?

60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಓಎಂಆರ್ ಹಾಳೆಯಲ್ಲಿ ಪೆನ್ನಿಂದ ವೃತ್ತ ತುಂಬಬೇಕು. ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಹಾಗಾಗಿ ಬೋರ್ಡ್ ಪರೀಕ್ಷೆ ಬಿಟ್ಟು ಬರೀ ಸಿಇಟಿ ಹಿಂದೆ ಬೀಳಬೇಡಿ.

ಬೀಜಗಣಿತ ಅಂತ ಹಣೆಪಟ್ಟಿ ಇರುವ ಅಧ್ಯಾಯಗಳು ಗೊತ್ತೇ ಇವೆ. ಪ್ರಥಮ ಪಿಯುನಲ್ಲಿ ಗಣಗಳು, ಸಂಬಂಧ ಮತ್ತು ಫಲನ, ಸಂಮಿಶ್ರ ಸಂಖ್ಯೆ ಮತ್ತು ವರ್ಗ ಸಮೀಕರಣ, ಅಸಮತೆ, ಕ್ರಮಯೋಜನೆ ಮತ್ತು ವಿಕಲ್ಪ, ದ್ವಿಪದ ಪ್ರಮೇಯ, ಶ್ರೇಢಿ. ದ್ವಿತೀಯ ಪಿಯುನಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಮತ್ತೆ ಸಂಬಂಧ ಮತ್ತು ಫಲನ. ಆದರೆ ಹೀಗೆ ಅಧ್ಯಾಯ ಎಣಿಸಿದರೆ ಅಂದಾಜು ತಪ್ಪುತ್ತದೆ. ಇಂಟಿಗ್ರೇಷನ್‌ನಲ್ಲಿ ಭಿನ್ನರಾಶಿ ಬಿಡಿಸುವುದು, ಮೂರು ಆಯಾಮದ ಜ್ಯಾಮಿತಿಯಲ್ಲಿ ಎರಡು ರೇಖೆ ಸೇರುವ ಜಾಗ ಹುಡುಕುವುದು, ಸಂಭವನೀಯತೆಯಲ್ಲಿ ‘ಕ’ ಬೆಲೆ ಕಂಡುಹಿಡಿಯುವುದು, ಇವೆಲ್ಲದರ ಕೊನೆಯ ನಾಲ್ಕು ಸಾಲು ಬೀಜಗಣಿತವೇ. ಕ್ಯಾಲ್ಕುಲಸ್ ಬರಲ್ಲ ಅಂತ ಅಳುವ ಮಕ್ಕಳ ಹಾಳೆ ಬಿಡಿಸಿ ನೋಡಿದರೆ ಕ್ಯಾಲ್ಕುಲಸ್ ಸರಿಯಾಗೇ ಇರುತ್ತದೆ. ಅದರ ಕೆಳಗಿನ ಸಾಲು ಕುಸಿದಿರುತ್ತದೆ.

ಕ್ಲಾಸಲ್ಲಿ ಎಲ್ಲಾ ಅರ್ಥ ಆಗುತ್ತೆ. ಟೆಸ್ಟಲ್ಲಿ ಮಾತ್ರ ತಪ್ಪು. ಯಾಕೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಉತ್ತರವನ್ನು ಒಂದು ಹಾಳೆ ತೋರಿಸಿ ಹೇಳುತ್ತೇನೆ.

ಮಾಯಕೊಂಡದ ಕಡೆಯ ಹುಡುಗ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 90ರ ಮೇಲೆ. ಅವನಿಗೆ ಎಂಟನೇ ಕ್ಲಾಸಿನ ಒಂದು ಲೆಕ್ಕ ಕೊಟ್ಟೆ: 9 − 2(ಕ − 3) = 5. ‘ಇದೇನ್ ಮಿಸ್, ಚಿಕ್ ಮಕ್ಕಳ ಲೆಕ್ಕ’ ಅಂದ. ಬರೆದ. 9 − 2ಕ − 6 = 5. ಆಮೇಲೆ 3 − 2ಕ = 5. ಆಮೇಲೆ ಕ = −1. ಕೆಳಗೆ ಎರಡು ಗೆರೆ ಎಳೆದು ಪೆನ್ನಿನ ಕ್ಯಾಪ್ ಹಾಕಿದ.

ಮೈನಸ್ 2 ಒಳಗೆ ಹೋಗಿ ಮೈನಸ್ 3ಕ್ಕೆ ಗುಣಿಸಿದರೆ ಪ್ಲಸ್ 6. ಅಂದರೆ 15 − 2ಕ = 5, ಕ = 5. ‘ಮಿಸ್, ನಂಗ್ ಗೊತ್ತಿತ್ತು, ಸುಮ್ನೆ ಆತುರದಲ್ಲಿ ಆಯ್ತು’ ಅಂದ. ಎಲ್ಲರೂ ಹೇಳುವುದು ಇದನ್ನೇ. ಗೊತ್ತಿರುವುದು ನಿಜ. ಕೇಳಿದರೆ ನಿಯಮ ಗಡಗಡ ಹೇಳುತ್ತಾರೆ. ಆದರೆ ಕೈಗೆ ಅದು ಗೊತ್ತಿಲ್ಲ. ತಲೆ ಮುಂದಿನ ಸಾಲಿಗೆ ಓಡಿರುತ್ತದೆ, ಕೈ ಹಳೇ ಅಭ್ಯಾಸದಲ್ಲಿ ಬರೆಯುತ್ತದೆ.

ಇನ್ನೊಂದು ಇದೆ. ಇದೇ ಲೆಕ್ಕ ಸಿಇಟಿ ಥರ ಬಂದರೆ ಆಯ್ಕೆ ಹೀಗಿರುತ್ತದೆ: 5, −1, 26/7, 1. ಆ −1 ಸುಮ್ಮನೆ ಅಲ್ಲಿ ಕೂತಿಲ್ಲ. ಈ ತಪ್ಪು ಮಾಡುವವರಿಗಾಗಿಯೇ ಕೂರಿಸಿದ್ದು. 26/7 ಕೂಡ ಅಷ್ಟೇ. ಮೊದಲು 9ರಲ್ಲಿ 2 ಕಳೆದು 7(ಕ − 3) = 5 ಅಂತ ಮಾಡಿದವರಿಗೆ ಅದು. ನಿಮ್ಮ ತಪ್ಪು ಉತ್ತರ ಆಯ್ಕೆಯಲ್ಲಿ ಸಿಕ್ಕಿತು ಅಂದರೆ ಅದು ಸರಿ ಅಂತಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಇಂಥ ತಪ್ಪಿಗೆ ಹಂತಕ್ಕೆ ಅಂಕ ಸಿಗುತ್ತದೆ. ಸಿಇಟಿಯಲ್ಲಿ ಸೊನ್ನೆ. ಅದೇ ಮಕ್ಕಳಿಗೆ ಬೋರ್ಡಲ್ಲಿ 95, ಸಿಇಟಿಯಲ್ಲಿ 28 ಬರುವ ಗುಟ್ಟು ಬಹುಪಾಲು ಇಲ್ಲಿದೆ.

ಹಾಗಾದರೆ ಆತುರದ ತಪ್ಪಿಗೆ ಮದ್ದೇನು?

ತಪ್ಪಿನ ನೋಟ್‌ಬುಕ್. 200 ಪುಟದ್ದು ಬೇಡ, ಅಂಗಡಿಯಲ್ಲಿ ಸಿಗುವ ಸಣ್ಣದೇ ಸಾಕು. ಲೆಕ್ಕ ತಪ್ಪಿದಾಗ ಇಡೀ ಲೆಕ್ಕ ಮತ್ತೆ ಬರೆಯಬೇಡಿ. ಎಲ್ಲಿ ಜಾರಿದಿರೋ ಆ ಒಂದು ಸಾಲು, ಯಾಕೆ ಅನ್ನುವ ಒಂದು ಮಾತು, ಅಷ್ಟೇ. ಹೋದ ವರ್ಷದ ಒಬ್ಬ ಹುಡುಗಿಯ ಪುಟ ನನ್ನ ಹತ್ತಿರ ಇದೆ. ಅವಳು ಬರೆದಂತೆಯೇ ಕೊಡುತ್ತೇನೆ (‘ಅ’ ಅಂದರೆ ಒಂದು ಮ್ಯಾಟ್ರಿಕ್ಸ್, |ಅ| ಅಂದರೆ ಅದರ ಡಿಟರ್ಮಿನೆಂಟ್):

‘|ಅ| = 5, |2ಅ| ಎಷ್ಟು ಅಂದ್ರೆ 10 ಬರೆದೆ. ಅ ಅನ್ನೋದು 3×3. ಮೂರು ಸಾಲಿಂದಾನೂ ಒಂದೊಂದು 2 ಹೊರಗೆ ಬರುತ್ತೆ. 8 × 5 = 40.’

‘−3ಕ > 12. ಕ > −4 ಬರೆದೆ. ಮೈನಸ್ಸಿಂದ ಭಾಗಿಸಿದ್ರೆ ಬಾಣ ತಿರುಗಬೇಕು. ಕ < −4. ಕ = −5 ಹಾಕಿ ನೋಡಿದ್ರೆ ಗೊತ್ತಾಗ್ತಿತ್ತು.’

‘ಕ² = 5ಕ. ಎರಡೂ ಕಡೆ ಕ ಹೊಡೆದು ಹಾಕಿದೆ. 0 ಕಳೆದುಹೋಯ್ತು.’

‘ಮತ್ತೆ ಮೈನಸ್ ಬ್ರಾಕೆಟ್!!! ಥೂ.’

ಆ ‘ಥೂ’ ನನಗೆ ಭಾಳ ಇಷ್ಟ. ಮೂರು ವಾರ ಆದಮೇಲೆ ಅವಳೇ ಕೂತು ಎಣಿಸಿದಳು. ಅರ್ಧಕ್ಕಿಂತ ಜಾಸ್ತಿ ಸಾಲು ಮೈನಸ್ಸಿನದ್ದೇ. ಅದುವರೆಗೂ ಅವಳು ‘ನನಗೆ ಮ್ಯಾಟ್ರಿಕ್ಸ್ ಬರಲ್ಲ’ ಅಂತಲೇ ನಂಬಿಕೊಂಡಿದ್ದಳು. ಮ್ಯಾಟ್ರಿಕ್ಸ್ ಚೆನ್ನಾಗೇ ಬರುತ್ತಿತ್ತು.

ಭಾನುವಾರಕ್ಕೊಮ್ಮೆ ಆ ನೋಟ್‌ಬುಕ್ ಓದಿ. ಒಂದೇ ತಪ್ಪು ಮೂರು ಸಲ ಕಂಡರೆ ಆ ಥರದ 15 ಲೆಕ್ಕ ಒಂದೇ ಕೂತಲ್ಲಿ ಮಾಡಿ. ಹೊಸ ಅಧ್ಯಾಯ ಒಂದು ದಿನ ಕಾಯುತ್ತದೆ.

ಮತ್ತೆ ಎಂಟನೇ ಕ್ಲಾಸಿನ ಪುಸ್ತಕ ತೆಗೆಯಬೇಕಾ? ನಾಚಿಕೆ ಆಗುತ್ತೆ.

ತೆಗೆಯಿರಿ. ಬಾಗಿಲು ಹಾಕಿಕೊಂಡು ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಯ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಕನ್ನಡದಲ್ಲೂ. ಎಲ್ಲಾ ಬೇಡ. ಅಪವರ್ತನ, ಘಾತಾಂಕ, ಭಿನ್ನರಾಶಿ ಇರುವ ಸಮೀಕರಣ, ಎರಡು ಚರಾಕ್ಷರದ ಸಮೀಕರಣ, ವರ್ಗ ಸಮೀಕರಣ. ಐದೇ ವಿಷಯ. ದಿನಕ್ಕೆ 40 ನಿಮಿಷ ಕೊಟ್ಟರೆ ಎರಡರಿಂದ ಮೂರು ವಾರದಲ್ಲಿ ಮುಗಿಯುತ್ತದೆ.

ಮುಗಿದಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಇದನ್ನು ಮಾಡಿ ನೋಡಿ. ಕ + 1/ಕ = 3 ಆದರೆ ಕ² + 1/ಕ² ಎಷ್ಟು? ಪೆನ್ನು ಹಿಡಿದ ಕೂಡಲೇ ಎರಡೂ ಕಡೆ ವರ್ಗ ಮಾಡಿ 9ರಲ್ಲಿ 2 ಕಳೆದು 7 ಅಂದರೆ ಪಾಸು. ಮೊದಲು ‘ಕ’ ಬೆಲೆ ಹುಡುಕಲು ಹೊರಟು ವರ್ಗಮೂಲ 5ರ ಜೊತೆ ಗುದ್ದಾಡಿದರೆ ಇನ್ನೊಂದು ವಾರ ಎಂಟನೇ ಕ್ಲಾಸಲ್ಲೇ ಇರಿ.

ಹತ್ತರವರೆಗೆ ಕನ್ನಡ ಮಾಧ್ಯಮ. ಈಗ ಎಲ್ಲಾ ಇಂಗ್ಲಿಷ್. ಲೆಕ್ಕ ಬರುತ್ತೆ, ಪ್ರಶ್ನೆ ಅರ್ಥ ಆಗಲ್ಲ.

ಜಗಳೂರು, ಚನ್ನಗಿರಿ, ಆ ಕಡೆ ಮೊಳಕಾಲ್ಮೂರು, ಹೊಸದುರ್ಗದಿಂದ ಬರುವ ಮಕ್ಕಳದೆಲ್ಲ ಇದೇ ಗೋಳು. ನಾನೂ ಹಾಗೇ ಬಂದವಳು. ಪ್ರಥಮ ಪಿಯು ಮೊದಲ ತಿಂಗಳಲ್ಲಿ ಮೇಷ್ಟ್ರು ‘ಕೋಎಫಿಶಿಯೆಂಟ್’ ಅಂದಾಗಲೆಲ್ಲ ಅದೇನೋ ಹೊಸ ಸೂತ್ರ ಅಂದುಕೊಂಡಿದ್ದೆ. ಅದು ನನಗೆ ಗೊತ್ತಿದ್ದ ಸಹಗುಣಕವೇ ಅಂತ ಗೊತ್ತಾಗುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದಿತ್ತು.

ಸಮಾಧಾನದ ವಿಷಯ ಏನಂದರೆ ಗಣಿತದ ಇಂಗ್ಲಿಷ್ ತುಂಬಾ ಚಿಕ್ಕದು. ರೂಟ್ ಅಂದರೆ ಮೂಲ. ವೇರಿಯಬಲ್ ಅಂದರೆ ಚರಾಕ್ಷರ. ಪ್ರೋಗ್ರೆಷನ್ ಅಂದರೆ ಶ್ರೇಢಿ. ಡಿಟರ್ಮಿನೆಂಟ್ ಅಂದರೆ ನಿರ್ಧಾರಕ. ಇಂಥವು ನೂರೈವತ್ತು ಇರಬಹುದು. ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ನಿಜವಾಗಿ ಕಾಲು ಹಿಡಿಯುವುದು ಸಣ್ಣ ಪದಗಳು. ‘ಅಟ್ ಲೀಸ್ಟ್’ ಅಂದರೆ ಕನಿಷ್ಠ, ‘ಅಟ್ ಮೋಸ್ಟ್’ ಅಂದರೆ ಗರಿಷ್ಠ. ‘ಡಿಸ್ಟಿಂಕ್ಟ್’ ಅಂದರೆ ಬೇರೆ ಬೇರೆ. ‘ನಾಟ್’ ಅನ್ನುವುದು ಪ್ರಶ್ನೆಯ ಮೂಲೆಯಲ್ಲಿ ಕೂತು ಉತ್ತರವನ್ನೇ ತಿರುವಿ ಹಾಕುತ್ತದೆ. ಹಳೇ ಪ್ರಶ್ನೆಪತ್ರಿಕೆ ಮಾಡುವಾಗ ಈ ಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಲೆಕ್ಕವನ್ನು ತಲೆಯಲ್ಲಿ ಕನ್ನಡದಲ್ಲೇ ಯೋಚಿಸಿ. ಏನೂ ನಷ್ಟವಿಲ್ಲ. ನಾನು ಈಗಲೂ ಮಗ್ಗಿ ಕನ್ನಡದಲ್ಲೇ ಹೇಳುವುದು.

ಯಾವ ಅಧ್ಯಾಯದಿಂದ ಶುರು ಮಾಡಲಿ?

ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನೆಂಟ್. ಹೊಸ ವಿಚಾರ ಕಡಿಮೆ, ಗುಣಲಕ್ಷಣ ಗೊತ್ತಿದ್ದರೆ ಒಂದೇ ಸಾಲಲ್ಲಿ ಉತ್ತರ ಬರುವ ಪ್ರಶ್ನೆ ಜಾಸ್ತಿ. ಉದಾಹರಣೆಗೆ 3×3 ಮ್ಯಾಟ್ರಿಕ್ಸ್‌ನ ನಿರ್ಧಾರಕ 4 ಆದರೆ ಅದರ ಅಡ್‌ಜಾಯಿಂಟ್‌ನ ನಿರ್ಧಾರಕ 4ರ ವರ್ಗ, 16. ಪೆನ್ನೇ ಬೇಡ. ಅದಾದಮೇಲೆ ವರ್ಗ ಸಮೀಕರಣ ಮತ್ತು ಸಂಮಿಶ್ರ ಸಂಖ್ಯೆ, ಆಮೇಲೆ ಶ್ರೇಢಿ, ದ್ವಿಪದ. ಕ್ರಮಯೋಜನೆ ಮತ್ತು ವಿಕಲ್ಪ ಕೊನೆಗಿರಲಿ, ಅದರ ಕಥೆ ಬೇರೆ.

ಪ್ರಥಮ ಪಿಯು ಭಾಗ ಬಿಟ್ಟುಬಿಡುವ ಚಾಳಿ ತುಂಬಾ ಮಕ್ಕಳಿಗಿದೆ. ‘ಅದು ಹೋದ ವರ್ಷದ್ದು ಮಿಸ್’ ಅನ್ನುತ್ತಾರೆ. ಸಿಇಟಿಗೆ ಎರಡೂ ವರ್ಷದ್ದು ಬೇಕು.

ಶಾರ್ಟ್‌ಕಟ್ ಹೇಳಿಕೊಡಿ ಮಿಸ್.

ಶಾರ್ಟ್‌ಕಟ್ ಅನ್ನುವ ಹೆಸರಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತಿವೆ. ಒಂದು, ‘ಈ ಥರ ಬಂದರೆ ಈ ಸೂತ್ರ’ ಅನ್ನುವ ಉದ್ದನೆಯ ಪಟ್ಟಿ. ಅದನ್ನು ಕಸದ ಬುಟ್ಟಿಗೆ ಹಾಕಿ. ಪ್ರಶ್ನೆ ಚೂರು ಬದಲಾದರೂ ಅದು ಕೈಕೊಡುತ್ತದೆ.

ಎರಡನೆಯದು, ಏನು ಕೇಳಿದ್ದಾರೋ ಅಷ್ಟನ್ನೇ ಮಾಡುವುದು. ಇದು ಚಿನ್ನ. ಬೆಣ್ಣೆ ದೋಸೆ ಹೋಟೆಲಿಗೆ ಹೋಗಿದ್ದೀರಿ ಅಂದುಕೊಳ್ಳಿ. ಮೂರು ದೋಸೆ ಎರಡು ಕಾಫಿಗೆ 190 ರೂಪಾಯಿ. ಎರಡು ದೋಸೆ ಮೂರು ಕಾಫಿಗೆ 160. ಒಂದು ದೋಸೆ ಒಂದು ಕಾಫಿಗೆ ಎಷ್ಟು? (ರೇಟು ಲೆಕ್ಕಕ್ಕೆ ಮಾತ್ರ, ಹೋಟೆಲಿನವರ ಹತ್ತಿರ ಜಗಳ ಆಡಬೇಡಿ.) ನಮ್ಮ ಮಕ್ಕಳು ಮೊದಲ ಸಮೀಕರಣವನ್ನು 2ರಿಂದ, ಎರಡನೆಯದನ್ನು 3ರಿಂದ ಗುಣಿಸಿ, ಕಳೆದು, ಕಾಫಿ 20, ದೋಸೆ 50, ಒಟ್ಟು 70 ಅಂತ ಎಂಟು ಸಾಲು ಬರೆಯುತ್ತಾರೆ. ಎರಡು ಬಿಲ್ಲನ್ನೂ ಕೂಡಿಸಿ ನೋಡಿ. ಐದು ದೋಸೆ ಐದು ಕಾಫಿಗೆ 350. ಐದರಿಂದ ಭಾಗಿಸಿದರೆ 70. ದೋಸೆ ಎಷ್ಟು ಅಂತ ಯಾರೂ ಕೇಳಿರಲೇ ಇಲ್ಲ, ಅಲ್ವಾ?

ಇದೇ ಬುದ್ಧಿ ವರ್ಗ ಸಮೀಕರಣದಲ್ಲೂ ಕೆಲಸ ಮಾಡುತ್ತದೆ. ಕ² − 6ಕ + 4 = 0 ಇದರ ಮೂಲಗಳ ವರ್ಗಗಳ ಮೊತ್ತ ಕೇಳಿದರೆ ಮೂಲ ಹುಡುಕಬೇಡಿ. ಮೂಲಗಳ ಮೊತ್ತ 6, ಗುಣಲಬ್ಧ 4. 36ರಲ್ಲಿ 8 ಕಳೆದರೆ 28.

ಮೂರನೆಯದು, ಆಯ್ಕೆಗಳನ್ನೇ ಬಳಸಿಕೊಳ್ಳುವುದು. 1×2 + 2×3 + 3×4 + … ಹೀಗೆ ‘ನ’ ಪದಗಳ ಮೊತ್ತ ಕೇಳಿದ್ದಾರೆ, ಆಯ್ಕೆಗಳು ಇವು ಅಂದುಕೊಳ್ಳಿ: ನ(ನ+1)(ನ+2)/3, ನ(ನ+1)(2ನ+1)/3, ನ(ನ+1)²/2, ನ²(ನ+1). ಸೂತ್ರ ನೆನಪಿಲ್ಲ. ನ = 1 ಹಾಕಿ. ನಾಲ್ಕರಲ್ಲೂ 2 ಬರುತ್ತದೆ! ಇಲ್ಲಿ ತುಂಬಾ ಜನ ಮೊದಲ ಆಯ್ಕೆಗೇ ವೃತ್ತ ತುಂಬಿ ಮುಂದೆ ಹೋಗುತ್ತಾರೆ. ನ = 2 ಹಾಕಿ ನೋಡಿ. ನಿಜವಾದ ಮೊತ್ತ 2 + 6 = 8. ಆಯ್ಕೆಗಳು ಕ್ರಮವಾಗಿ 8, 10, 9, 12 ಕೊಡುತ್ತವೆ. ಈಗ ಒಂದೇ ಉಳಿಯಿತು. ಮೊದಲ ಆಯ್ಕೆಗೇ ತುಂಬಿದವನಿಗೂ ಅಂಕ ಬಂತು ಅನ್ನಿ, ಅದು ಅವನ ಅದೃಷ್ಟ. 1 ಹಾಕಿ ನಿಲ್ಲಿಸಬೇಡಿ, 2 ಕೂಡ ಹಾಕಿ.

ಪರ್ಮ್ಯುಟೇಷನ್ ಕಾಂಬಿನೇಷನ್ ತಲೆಗೇ ಹೋಗಲ್ಲ.

ಕ್ರಮಯೋಜನೆ ಮತ್ತು ವಿಕಲ್ಪ ಅಂದರೆ ಇದೇ. ಅದು ಸೂತ್ರದ ಅಧ್ಯಾಯ ಅಂದುಕೊಂಡಿರುವುದೇ ತೊಂದರೆ. ಅದು ಎಣಿಸುವ ಅಧ್ಯಾಯ. ಮೊದಲ ವಾರ ಸೂತ್ರ ಮುಟ್ಟಲೇಬೇಡಿ. ಸಣ್ಣ ಸಂಖ್ಯೆ ತಗೊಂಡು ಕೈಯಾರೆ ಪಟ್ಟಿ ಮಾಡಿ. ಮೂರು ಜನರನ್ನು ಬೆಂಚಿನ ಮೇಲೆ ಕೂರಿಸುವುದು ಎಷ್ಟು ಥರ? ಬರೆಯಿರಿ, ಆರು. ಆ ಮೂವರಲ್ಲಿ ಇಬ್ಬರನ್ನು ಆರಿಸುವುದು? ಮೂರು. ಕೂರಿಸುವಾಗ ಜಾಗ ಮುಖ್ಯ, ಆರಿಸುವಾಗ ಅಲ್ಲ. ಇಷ್ಟು ಕೈಗೆ ಬಂದಮೇಲೆ ಸೂತ್ರ ತಾನಾಗೇ ಬರುತ್ತದೆ.

ಎಲ್ಲರೂ ಬೀಳುವ ಗುಂಡಿ ‘ಕನಿಷ್ಠ ಒಬ್ಬರು’. ಐದು ಹುಡುಗರು, ನಾಲ್ಕು ಹುಡುಗಿಯರು. ಮೂವರ ತಂಡ ಬೇಕು, ಕನಿಷ್ಠ ಒಬ್ಬ ಹುಡುಗಿ ಇರಬೇಕು. ಸಾಮಾನ್ಯವಾಗಿ ಮಾಡುವುದು ಹೀಗೆ: ಮೊದಲು ಒಬ್ಬ ಹುಡುಗಿಯನ್ನು ಆರಿಸುತ್ತೇನೆ, 4 ಥರ. ಉಳಿದ 8 ಜನರಲ್ಲಿ ಇಬ್ಬರು, 28 ಥರ. 4 × 28 = 112. ಕೇಳಲು ಎಷ್ಟು ಸರಿಯಾಗಿದೆ! ಆದರೆ ಒಂಬತ್ತು ಜನರಲ್ಲಿ ಮೂವರ ತಂಡ ಒಟ್ಟು ಮಾಡಬಹುದಾದದ್ದೇ 84. ಅದಕ್ಕಿಂತ ಜಾಸ್ತಿ ಎಲ್ಲಿಂದ ಬಂತು? ಇಬ್ಬರು ಹುಡುಗಿಯರಿರುವ ತಂಡವನ್ನು ಎರಡು ಸಲ ಎಣಿಸಿದ್ದೀರಿ, ಮೂವರೂ ಹುಡುಗಿಯರಿರುವುದನ್ನು ಮೂರು ಸಲ. ಒಟ್ಟು 84ರಲ್ಲಿ ಬರೀ ಹುಡುಗರ ತಂಡ 10 ಕಳೆಯಿರಿ, 74. ಉತ್ತರ ಬಂದಮೇಲೆ ಅದು ಒಟ್ಟಿಗಿಂತ ದೊಡ್ಡದಾಗಿದೆಯಾ ಅಂತ ಒಂದು ಸಲ ಕಣ್ಣು ಹಾಯಿಸಿ.

ಸೂತ್ರ ಬಾಯಿಪಾಠ ಮಾಡಬೇಕಾ?

ಮಾಡಬೇಕು. ಅರ್ಥ ಆದರೆ ಸಾಕು, ಬಾಯಿಪಾಠ ಬೇಡ ಅನ್ನುವವರ ಜೊತೆ ನನ್ನದು ಹಳೇ ಜಗಳ. ಒಂದು ಪ್ರಶ್ನೆಗೆ 80 ಸೆಕೆಂಡ್ ಇರುವಾಗ ಸೂತ್ರವನ್ನು ಮೂಲದಿಂದ ತರುತ್ತಾ ಕೂರಲು ಆಗಲ್ಲ. 20ರವರೆಗೆ ಮಗ್ಗಿ, 30ರವರೆಗೆ ವರ್ಗ, 12ರವರೆಗೆ ಘನ, 2ರ ಘಾತ 10ರವರೆಗೆ ನಾಲಿಗೆ ತುದಿಯಲ್ಲಿರಲಿ. ಕೆಲವಕ್ಕೆ ಮಾತ್ರ ಬಾಯಿಪಾಠ ಬೇಡ, ತಿರುಗುವ ಚಕ್ರ ಗೊತ್ತಿದ್ದರೆ ಸಾಕು. ಸಂಮಿಶ್ರ ಸಂಖ್ಯೆಯ ‘ಐ’ ನಾಲ್ಕು ಘಾತಕ್ಕೊಮ್ಮೆ ಮತ್ತೆ 1ಕ್ಕೆ ಬರುತ್ತದೆ. ಘಾತ 2023 ಅಂದರೆ 4ರಿಂದ ಭಾಗಿಸಿ, ಶೇಷ 3, ಉತ್ತರ ಮೈನಸ್ ಐ.

ದಿನಕ್ಕೆ ಎಷ್ಟು ಹೊತ್ತು? ನಂದು ಬಸ್ಸಲ್ಲೇ ಎರಡು ಗಂಟೆ ಹೋಗುತ್ತೆ.

ಬೀಜಗಣಿತಕ್ಕೆ ಅಂತ ದಿನಕ್ಕೆ 45 ನಿಮಿಷ, ತಪ್ಪದೆ. ಭಾನುವಾರ ಐದು ಗಂಟೆ ಕೂತು ವಾರವೆಲ್ಲ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಬಸ್ಸಲ್ಲಿ ಲೆಕ್ಕ ಬರೆಯಬೇಡಿ, ಆ ಗುಂಡಿ ರಸ್ತೆಯಲ್ಲಿ ಪ್ಲಸ್ಸೂ ಮೈನಸ್ಸೂ ಒಂದೇ ಥರ ಕಾಣುತ್ತವೆ. ತಪ್ಪಿನ ನೋಟ್‌ಬುಕ್ ಓದಿ, ಮಗ್ಗಿ ಹೇಳಿ, ಇಲ್ಲವೇ ಕಣ್ಣು ಮುಚ್ಚಿ ನಿದ್ದೆ ಮಾಡಿ. ನಿದ್ದೆಯೂ ಬೇಕು.

ವಿಡಿಯೋ ನೋಡಿದರೆ ಸಾಕಾಗಲ್ವಾ?

ಇಲ್ಲ. ಬೇರೆಯವರು ಈಜುವುದನ್ನು ಕುಂದುವಾಡ ಕೆರೆ ದಂಡೆ ಮೇಲೆ ಕೂತು ನೋಡಿದ ಹಾಗೆ. ನೋಡಲೇಬೇಕಾದರೆ ಲೆಕ್ಕ ಪರದೆ ಮೇಲೆ ಬಂದ ಕೂಡಲೇ ನಿಲ್ಲಿಸಿ, ನೀವು ಮಾಡಿ, ಆಮೇಲೆ ಮುಂದಕ್ಕೆ ಬಿಡಿ.

ಕೋಚಿಂಗ್ ಸೇರದಿದ್ದರೆ ಆಗಲ್ವಾ?

ನಾನೇ ಟ್ಯೂಷನ್ ಹೇಳುವವಳು, ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗೆ. ಆದರೂ ಹೇಳುತ್ತೇನೆ, ಎಲ್ಲರಿಗೂ ಬೇಕಿಲ್ಲ. ಕಾಲೇಜಿನ ಪಠ್ಯಪುಸ್ತಕ, ಅದರ ಪ್ರತಿ ಅಭ್ಯಾಸ, ಕೆಇಎ ಜಾಲತಾಣದ ಹಳೇ ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರ, ತಪ್ಪಾದಾಗ ಕೇಳಲು ಒಬ್ಬರು. ಆ ಒಬ್ಬರು ನಿಮ್ಮ ಕಾಲೇಜಿನ ಮೇಷ್ಟ್ರೇ ಆಗಬಹುದು, ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಓದುತ್ತಿರುವ ಪಕ್ಕದ ಮನೆ ಅಕ್ಕ ಆಗಬಹುದು. ಇಷ್ಟಿದ್ದರೆ ನಡೆಯುತ್ತದೆ. ಒಬ್ಬರೇ ಕೂತರೆ ಓದಲು ಆಗಲ್ಲ ಅನ್ನುವವರು ಸೇರಲಿ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನನ್ನ ಹಾಳೆಯನ್ನು ಯಾರಾದರೂ ಸಾಲು ಸಾಲಾಗಿ ನೋಡುತ್ತಾರಾ? ಒಂದು ಸಲ ನಾನು ನೋಡಿದ ಕಡೆ ಒಂದೇ ಹಾಲಿನಲ್ಲಿ 150 ಮಕ್ಕಳು, ಪ್ರತಿ ಶನಿವಾರ ಟೆಸ್ಟು, ಅಂಕದ ಪಟ್ಟಿ ಗೋಡೆ ಮೇಲೆ. ಹಾಳೆ ಮಾತ್ರ ಯಾರಿಗೂ ವಾಪಸ್ ಬರಲಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾಗದ ಟೆಸ್ಟು ಎಷ್ಟು ಬರೆದರೇನು?

80 ನಿಮಿಷದಲ್ಲಿ 60 ಮುಗಿಯುವುದೇ ಇಲ್ಲ.

ಒಂದರಿಂದ ಅರವತ್ತರವರೆಗೆ ಸಾಲಾಗಿ ಮಾಡುತ್ತೀರಿ, ಅದಕ್ಕೆ. ಮೂರು ಸುತ್ತು ಹಾಕಿ. ಮೊದಲ ಸುತ್ತು 35 ನಿಮಿಷ, ನೋಡಿದ ಕೂಡಲೇ ದಾರಿ ಕಂಡವು ಮಾತ್ರ. ಎರಡನೇ ಸುತ್ತು 30 ನಿಮಿಷ, ದಾರಿ ಗೊತ್ತು ಆದರೆ ಉದ್ದ ಅನ್ನಿಸಿದವು. ಕೊನೆಯ 15 ನಿಮಿಷ ಉಳಿದದ್ದಕ್ಕೆ, ಆಯ್ಕೆ ಹಾಕಿ ನೋಡುವುದಕ್ಕೆ, ಖಾಲಿ ವೃತ್ತ ತುಂಬುವುದಕ್ಕೆ. ಒಂದು ಪ್ರಶ್ನೆ ಎರಡು ನಿಮಿಷ ತಿಂದರೆ ಬಿಟ್ಟು ಏಳಿ. ಅದು ನಿಮಗೆ ಮರ್ಯಾದೆ ಪ್ರಶ್ನೆ ಆಗಬಾರದು.

ಓಎಂಆರ್ ವಿಷಯದಲ್ಲಿ ನನ್ನದೇ ಕಥೆ ಇದೆ. ನಾನು ಬರೆದ ವರ್ಷ 23ನೇ ಪ್ರಶ್ನೆ ಬಿಟ್ಟೆ, ಹಾಳೆಯಲ್ಲಿ 23ಕ್ಕೆ 24ರ ಉತ್ತರ ತುಂಬಿದೆ. ಗೊತ್ತಾದದ್ದು 31ಕ್ಕೆ ಬಂದಾಗ. ಪೆನ್ನಿಂದ ತುಂಬಿದ್ದು, ಅಳಿಸಲು ಬರಲ್ಲ. ಆ ಎಂಟು ಪ್ರಶ್ನೆಯ ಸಂಕಟ ಈಗಲೂ ನೆನಪಿದೆ. ಹಾಗಾಗಿ ಪ್ರಶ್ನೆ ಬಿಟ್ಟು ಹಾರುವಾಗ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡು ತುಂಬಿ. ಪರೀಕ್ಷೆ ಕೋಣೆಗೆ ವಾಚ್ ಕಟ್ಟಿಕೊಂಡು ಹೋಗುವಂತಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಬಿಚ್ಚಿಟ್ಟು, ಗೋಡೆ ಗಡಿಯಾರ ನೋಡಿ ಬರೆಯಿರಿ.

ಗೊತ್ತಿಲ್ಲದ್ದನ್ನು ಖಾಲಿ ಬಿಡಲಾ?

ಬಿಡಬೇಡಿ. ಅಂಕ ಕಳೆಯದ ಪರೀಕ್ಷೆಯಲ್ಲಿ ಖಾಲಿ ಬಿಟ್ಟರೆ ನಷ್ಟ ನಿಮ್ಮದೇ. ಎರಡು ಆಯ್ಕೆ ಹೊಡೆದು ಹಾಕಲು ಆದರೆ ಅರ್ಧಕ್ಕರ್ಧ ಅವಕಾಶ. ಈ ಮಾತು ಜೆಇಇ ಮೇನ್‌ಗೆ ಹೊಂದುವುದಿಲ್ಲ, ಅಲ್ಲಿ ಸರಿಗೆ 4, ತಪ್ಪಿಗೆ 1 ಕಳೆಯುತ್ತಾರೆ. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಯಲ್ಲಿ ಕಳೆಯುವುದಿಲ್ಲ.

2024ರಲ್ಲಿ ಸಿಲಬಸ್ ಹೊರಗಿನ ಪ್ರಶ್ನೆ ಬಂದಿತ್ತಂತೆ. ಮತ್ತೆ ಬಂದರೆ?

ಬಂದಿತ್ತು. ಗಲಾಟೆಯೂ ಆಯಿತು, ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಆ ವರ್ಷ ಕೆಟ್ಟದ್ದು ಯಾರಿಗೆ ಗೊತ್ತಾ? ಅಂಥ ಪ್ರಶ್ನೆ ಮುಂದೆ ಐದೈದು ನಿಮಿಷ ಕೂತವರಿಗೆ. ಪ್ರಶ್ನೆ ಕೈಬಿಡಬಹುದು, ಕಳೆದ ನಿಮಿಷ ಯಾರೂ ವಾಪಸ್ ಕೊಡಲ್ಲ. ಅಪರಿಚಿತ ಅನ್ನಿಸಿದರೆ ಮೂರನೇ ಸುತ್ತಿಗೆ ತಳ್ಳಿ. ಅಭ್ಯಾಸಕ್ಕೆ ಹಳೇ ಪತ್ರಿಕೆ ತೆಗೆಯುವಾಗ ಈಗಿನ ಸಿಲಬಸ್ ಪಕ್ಕಕ್ಕಿಟ್ಟುಕೊಳ್ಳಿ. ಗಣಿತದ ಪ್ರಥಮ ಪಿಯು ಪುಸ್ತಕದಿಂದ ಗಣಿತೀಯ ಅನುಗಮನದಂಥ ಭಾಗ ಹೋಗಿದೆ, ಹಳೇ ಪತ್ರಿಕೆಯಲ್ಲಿ ಅದು ಇರುತ್ತದೆ.

ನಮಗೆ ಗಣಿತ ಬರಲ್ಲ. ಅಪ್ಪ ಅಮ್ಮ ಆಗಿ ಏನು ಮಾಡಬಹುದು?

ಪಕ್ಕದ ಮನೆಯವರ ಮಗನ ಅಂಕ ಹೇಳಬೇಡಿ. ಭಾನುವಾರ ಬೆಳಿಗ್ಗೆ 80 ನಿಮಿಷ ಟಿವಿ ಆರಿಸಿ, ಬಾಗಿಲು ಬಡಿದವರನ್ನು ಹೊರಗೇ ಮಾತಾಡಿಸಿ ಕಳಿಸಿ. ಬರೆದು ಮುಗಿಸಿದ ಮೇಲೆ ಎಷ್ಟು ಬಂತು ಅಂತ ಕೇಳುವ ಬದಲು ತಪ್ಪಿನ ನೋಟ್‌ಬುಕ್ಕಿಗೆ ಏನು ಸೇರಿತು ಅಂತ ಕೇಳಿ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗನ ಅಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಲೆಕ್ಕ ಗೊತ್ತಿಲ್ಲ. ದಿನಾ ರಾತ್ರಿ ಮಗನ ಎದುರು ಕೂತು ‘ಇವತ್ತಿನ ತಪ್ಪು ನನಗೆ ಹೇಳಪ್ಪಾ’ ಅನ್ನುತ್ತಾರೆ. ಹುಡುಗ ಬ್ರಾಕೆಟ್ ಹೇಗೆ ಒಡೆಯಬೇಕು ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ಅಷ್ಟು ಹೇಳುವಷ್ಟರಲ್ಲಿ ಅವನಿಗೇ ಅದು ಗಟ್ಟಿಯಾಗಿರುತ್ತದೆ.

ಇನ್ನು ಒಂದೇ ತಿಂಗಳಿದೆ. ಏನೂ ಮಾಡಿಲ್ಲ.

ಹೊಸ ಪುಸ್ತಕ ಕೊಳ್ಳಬೇಡಿ. ಮೊದಲ ಹತ್ತು ದಿನ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವರ್ಗ ಸಮೀಕರಣ, ಶ್ರೇಢಿ. ಆಮೇಲೆ ದಿನ ಬಿಟ್ಟು ದಿನ ಒಂದು ಹಳೇ ಪತ್ರಿಕೆ, ಗಡಿಯಾರ ಇಟ್ಟುಕೊಂಡು. ಮಧ್ಯದ ದಿನ ಆ ಪತ್ರಿಕೆಯ ತಪ್ಪುಗಳಿಗೆ. ಪತ್ರಿಕೆ ಮೇಲೆ ಪತ್ರಿಕೆ ಬರೆದು ತಪ್ಪು ನೋಡದೇ ಇದ್ದರೆ ಅದೇ ತಪ್ಪನ್ನು ಚೆನ್ನಾಗಿ ಅಭ್ಯಾಸ ಮಾಡಿದ ಹಾಗಾಗುತ್ತದೆ.

ಪರೀಕ್ಷೆಯ ಹಿಂದಿನ ದಿನ?

ತಪ್ಪಿನ ನೋಟ್‌ಬುಕ್ ಒಂದು ಸಲ ಪೂರ್ತಿ ಓದಿ. ಹಾಲ್ ಟಿಕೆಟ್, ಗುರುತಿನ ಚೀಟಿ, ಎರಡು ಪೆನ್ನು ಚೀಲಕ್ಕೆ ಹಾಕಿ. ಸಂಜೆ ಮಿರ್ಚಿ ಮಂಡಕ್ಕಿ ತಿನ್ನಬೇಕು ಅನ್ನಿಸಿದರೆ ಮಿರ್ಚಿ ಒಂದಕ್ಕೇ ನಿಲ್ಲಿಸಿ, ಹೊಟ್ಟೆ ಕೆಟ್ಟರೆ ನನ್ನ ಹತ್ತಿರ ಸೂತ್ರ ಇಲ್ಲ. ಹತ್ತು ಗಂಟೆಗೆ ಮಲಗಿ.